ಬರಿಗೈ ನಡಿಗೆ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)

ಮಂಟಪದ ಹಿಂದಣ ಸಾಲುಗಳಲ್ಲಿ ಕುಳಿತಿರುವ, ಒಂದು ಪಾಳಿಯ ಕೆಲಸವನ್ನು ಬಿಟ್ಟು ಬಂದಿರುವ ತರುಣರ ಸಲುವಾಗಿ ಮುಖ್ಯವಾಗಿ ಈ ಉಪನ್ಯಾಸ.

ಮಠದ ಮಹೋತ್ಸವವೆಂದರೆ ಷಟ್‌ಸ್ಥಲದ ನಿರೂಪಣೆ, ಅಷ್ಟಾವರಣದ ಮಹಿಮೆ, ಪೂರ್ವದ ಪೂಜ್ಯರ ಚರಿತ್ರೆ ಇವುಗಳ ಶ್ರವಣವೆಂಬುದು ರೂಢಿ. ಹೀಗಿರುವಲ್ಲಿ ಇಂದಿನ ವಿಷಯಪತ್ರಿಕೆಯಲ್ಲಿ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರದ ಒರಟು ಕೆಲಸದಲ್ಲಿ ಆಗುವ ವ್ಯರ್ಥಚಲನೆಯ ವಿಚಾರವೆಂದು ಅಚ್ಚಾದದ್ದನ್ನು ಕಂಡು ಹಿರಿಯರು ಕೆಲವರು ಇದೇನು ವಿಪರೀತವೆಂದುಕೊಂಡಿದ್ದರೆ ಅದು ಸಹಜವೇ. ಪಾಠಶಾಲೆಯ ತರ್ಕ ವ್ಯಾಕರಣಗಳಿಗೂ ಉಕ್ಕು ಕಡಿಯುವ ಯಂತ್ರಕ್ಕೂ ಸಂಬಂಧವೇನು ಎಂಬುದು ಪೂರ್ವಪಕ್ಷ.

ಇದಕ್ಕೆ ಮೊದಲನೆಯ ಸಮಾಧಾನವು ಲೋಕದ್ದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಗಳ ಒಕ್ಕಲಮನೆಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಈಗ ನಸುಕಿನ ಬಸ್ಸು ಹತ್ತಿ ಹುಬ್ಬಳ್ಳಿಯ ಗೋಕುಲ ರಸ್ತೆಗೂ ತಾರಿಹಾಳಕ್ಕೂ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೂ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆಯ ಒಲೆ ಉರಿಯುವದು ಆ ಬಸ್ಸು ಹತ್ತಿದವರ ದುಡಿಮೆಯಿಂದ. ಅವರು ದಿನವೂ ಕೈಹಚ್ಚುವ ಕಾಯಕದ ಮರ್ಮವನ್ನು ಮಠವು ಕೇಳಿ ತಿಳಿಯದೆ ಇದ್ದರೆ ಕೊರತೆ ಮಠಕ್ಕೇ ಹೊರತು ಅವರಿಗಲ್ಲ.

ಎರಡನೆಯ ಸಮಾಧಾನವು ಶಾಸ್ತ್ರದ್ದು. ಹೆಚ್ಚಿನದನ್ನು ಬಿಟ್ಟು ಸಾಕಾದಷ್ಟರಿಂದಲೇ ಕಾರ್ಯವನ್ನು ಸಾಧಿಸುವದಕ್ಕೆ ಶಾಸ್ತ್ರಕಾರರು ಲಾಘವವೆಂದು ಹೆಸರಿಟ್ಟರು. ಬೇಡದ ಭಾರವನ್ನು ಹೊತ್ತು ಸಾಧಿಸುವದಕ್ಕೆ ಗೌರವವೆಂದು ಹೆಸರು. ಈ ಗೌರವವು ಮರ್ಯಾದೆಯ ಗೌರವವಲ್ಲ, ಭಾರವೆಂಬ ದೋಷ. ವೈಯಾಕರಣರಿಗೆ ಸೂತ್ರದಲ್ಲಿ ಅರ್ಧ ಮಾತ್ರೆ ಉಳಿದರೆ ಮನೆಯಲ್ಲಿ ಮಗ ಹುಟ್ಟಿದಷ್ಟು ಸಂತೋಷವಾಗುತ್ತದೆಂಬ ಮಾತನ್ನು ಪಾಠಶಾಲೆಯ ಮೆಟ್ಟಿಲು ಹತ್ತಿದ ಹುಡುಗರೆಲ್ಲರೂ ಕೇಳಿರುತ್ತಾರೆ. ಯಂತ್ರದ ಮುಂದೆ ನಿಂತು ಒಂದು ನಿಮಿಷವನ್ನು ಉಳಿಸುವ ಬಗೆಯನ್ನು ಹುಡುಕುವವನು ಇದೇ ಕುಲಕ್ಕೆ ಸೇರಿದವನು.

ಇನ್ನು ಪ್ರಕೃತ ವಿಷಯ. ದಾಸೋಹದ ಪಂಕ್ತಿಯನ್ನು ನೆನೆಯಬೇಕು. ಅಂಗಳದ ಉದ್ದಕ್ಕೂ ಎಲೆ ಹಾಸಿದೆ. ಹುಗ್ಗಿಯ ಬಕೀಟು ಹಿಡಿದವನು ಈ ತುದಿಯಿಂದ ಬಡಿಸುತ್ತ ಆ ತುದಿಗೆ ಹೋಗುತ್ತಾನೆ. ಅಲ್ಲಿ ಬಕೀಟಿನಲ್ಲಿ ಹುಗ್ಗಿ ಇನ್ನೂ ಉಳಿದಿದ್ದರೂ ಮುಂದಿನ ಸಾಲನ್ನು ಬಡಿಸಲು ತಿರುಗಿ ಈ ತುದಿಗೇ ನಡೆದು ಬಂದರೆ ಅವನು ಬಂದ ದಾರಿ ಬರಿಗೈ ನಡಿಗೆ. ಹಸಿದವರು ಕಾಯುತ್ತಾರೆ, ಬಡಿಸುವವನು ದಣಿಯುತ್ತಾನೆ, ಒಂದು ಎಲೆಗೂ ಒಂದು ಸೌಟು ಬೀಳುವದಿಲ್ಲ. ಜಾಣ ದಾಸೋಹಿಯು ಆ ತುದಿಯಿಂದಲೇ ಎದುರಿನ ಸಾಲನ್ನು ಹಿಡಿದು ಬಡಿಸುತ್ತ ಮರಳುವನು.

ಮಿಲ್ಲಿಂಗ್ ಯಂತ್ರದಲ್ಲಿ ಬಡಿಸುವವನ ಸ್ಥಾನದಲ್ಲಿ ಕಟ್ಟರ್ ಇರುವದು. ಮೈತುಂಬ ಹಲ್ಲುಗಳುಳ್ಳ ಆ ಉಕ್ಕಿನ ದಂಡವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ, ಹಲಗೆಯ ಮೇಲೆ ಬಿಗಿದಿಟ್ಟ ಲೋಹದ ಗಟ್ಟಿಯಿಂದ ಚಕ್ಕೆಚಕ್ಕೆಯಾಗಿ ಲೋಹವನ್ನು ತೆಗೆಯುತ್ತದೆ. ಆ ಗಟ್ಟಿಗೆ ಯಂತ್ರಶಾಲೆಯ ಭಾಷೆಯಲ್ಲಿ ಜಾಬು ಎಂದು ಹೆಸರು. ಕಟ್ಟರ್ ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಯಾವ ವೇಗದಲ್ಲಿ ಹೋಗಬೇಕೆಂಬುದನ್ನು ಅಂಕೆಗಳಲ್ಲಿ ಬರೆದ ಆಜ್ಞಾಪಾಠಕ್ಕೆ ಪ್ರೋಗ್ರಾಂ ಎನ್ನುವರು. ಅಂಕೆಗಳ ಆಜ್ಞೆಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೇರಿಕೆಯ ಮೆಸಚೂಸೆಟ್ಸ್ ತಂತ್ರವಿದ್ಯಾಲಯದಲ್ಲಿ ೧೯೫೨ರಲ್ಲಿ ಮೊದಲು ನಡೆಸಿ ತೋರಿಸಿದರು. ಅದಕ್ಕೂ ಮುಂಚೆ, ೧೯೪೧ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರಖಾನೆ ಹುಟ್ಟಿ ಲೇಥು ಯಂತ್ರಗಳನ್ನು ಮಾಡತೊಡಗಿತ್ತು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಬಂದಿತು. ಹರಿಹರದ ಆ ಕಾರಖಾನೆ ಮುಚ್ಚಿಹೋಗಿದೆ. ಕೈಯಿಂದ ಚಕ್ರ ತಿರುಗಿಸಿ ಕಬ್ಬಿಣ ಕಡಿಯುವ ವಿದ್ಯೆಯು ಕನ್ನಡ ನಾಡಿನ ಎಷ್ಟೋ ಮನೆಗಳಿಗೆ ಇಂಥ ಕಾರಖಾನೆಗಳ ದಾರಿಯಿಂದಲೇ ಬಂದಿತೆಂಬುದನ್ನು ಮರೆಯಲಾಗದು.

ಒರಟು ಕೆಲಸವೆಂದರೆ ಏನು? ಶರಣರಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಗಿ ಇದ್ದನು. ಬಡಗಿಯು ದಿಮ್ಮಿಯನ್ನು ಮೊದಲು ಬಾಚಿಯಿಂದ ಕೆತ್ತಿ ಆಕಾರಕ್ಕೆ ತರುವನು, ಅನಂತರ ಉಜ್ಜುಗೊರಡಿನಿಂದ ನಯಮಾಡುವನು. ಬಾಚಿಯ ಕೆಲಸದಲ್ಲಿ ಅಂದಕ್ಕಿಂತ ಬೇಗ ಮುಖ್ಯ. ಉಜ್ಜುಗೊರಡಿನಲ್ಲಿ ಬೇಗಕ್ಕಿಂತ ಅಂದ ಮುಖ್ಯ. ಯಂತ್ರಶಾಲೆಯವರು ಮೊದಲನೆಯದನ್ನು ರಫಿಂಗ್ ಎಂತಲೂ ಎರಡನೆಯದನ್ನು ಫಿನಿಷಿಂಗ್ ಎಂತಲೂ ಕರೆಯುತ್ತಾರೆ. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದ ೭೬ ಕಂಬಗಳನ್ನು ನೋಡುವವರು ಅವುಗಳ ನಯವನ್ನು ಕೊಂಡಾಡುತ್ತಾರೆ. ೧೦೫೦ರ ಆ ಶಿಲ್ಪಿಗಳು ಮೆದುವಾದ ಬಳಪದ ಕಲ್ಲನ್ನು ಆರಿಸಿಕೊಂಡು, ನಯಕ್ಕಿಂತ ಮೊದಲು ಎಷ್ಟು ಕಲ್ಲನ್ನು ಒರಟಾಗಿ ಕೆತ್ತಿ ಚೆಲ್ಲಿರಬೇಕೆಂಬುದನ್ನು ಯಾರೂ ಎಣಿಸುವದಿಲ್ಲ. ಒರಟು ಕೆಲಸಕ್ಕೆ ಪ್ರಶಂಸೆಯಿಲ್ಲ. ದಪ್ಪ ಗಟ್ಟಿಯಿಂದ ಜಾಬನ್ನು ಹೊರತೆಗೆಯುವಲ್ಲಿ ಹೊತ್ತಿನ ದೊಡ್ಡ ಪಾಲನ್ನು ನುಂಗುವದು ಮಾತ್ರ ಅದೇ.

ಕಟ್ಟರಿನ ನಡಿಗೆ ಎರಡು ವಿಧ. ಲೋಹದೊಳಗೆ ನಿಯಮಿತ ವೇಗದಿಂದ ಕಡಿಯುತ್ತ ಹೋಗುವದು ಒಂದು. ಅದಕ್ಕೆ ಫೀಡು ಎನ್ನುವರು. ಗಾಳಿಯಲ್ಲಿ ಓಡಿ ಮುಂದಿನ ಸ್ಥಾನವನ್ನು ಸೇರುವದು ಇನ್ನೊಂದು. ಅದಕ್ಕೆ ರ‍್ಯಾಪಿಡ್ ಎನ್ನುವರು. ಪ್ರೋಗ್ರಾಂ ಬರೆಯುವಲ್ಲಿ ಓಟಕ್ಕೆ ಜಿ-ಸೊನ್ನೆಯೆಂದೂ ಕಡಿಯುವ ನಡಿಗೆಗೆ ಜಿ-ಒಂದೆಂದೂ ಸಂಕೇತ. ಹಾಗಾದರೆ ವ್ಯರ್ಥಚಲನೆಯೆಂದರೆ ಗಾಳಿಯಲ್ಲಿ ಓಡುವದಷ್ಟೇ, ಅದನ್ನು ಕಡಿಮೆ ಮಾಡಿದರೆ ತೀರಿತು ಎಂದು ಯಾರಾದರೂ ಹೇಳಬಹುದು. ಈ ಉತ್ತರ ಸುಲಭವಾದದ್ದು. ಆದರೆ ಮುಕ್ಕಾಲು ಪಾಲು ತಪ್ಪು. ಒಂದು ಲೆಕ್ಕದಿಂದ ಇದನ್ನು ಪರೀಕ್ಷಿಸಬಹುದು.

ಉಕ್ಕಿನ ಒಂದು ಗಟ್ಟಿ ಇದೆಯೆನ್ನೋಣ. ಉದ್ದ ೨೦೦ ಮಿಲಿಮೀಟರು, ಅಗಲ ೧೦೦. ಮೇಲಿನಿಂದ ೨೦ ಮಿಲಿಮೀಟರು ದಪ್ಪವನ್ನು ಪೂರ್ತಿ ತೆಗೆಯಬೇಕು. ಕಟ್ಟರಿನ ವ್ಯಾಸ ೨೦, ಹಲ್ಲು ೪. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಮಗ್ಗುಲಿಗೆ ಸರಿಯುವದು ೧೦ ಮಿಲಿಮೀಟರು. ಆದ್ದರಿಂದ ಒಂದು ಪದರಿಗೆ ೧೦ ಸಾಲು. ಪದರು ೨ ಮಿಲಿಮೀಟರಿನದು. ಆದ್ದರಿಂದ ೧೦ ಪದರು. ಒಟ್ಟು ೧೦೦ ಸಾಲು. ಒಳಹೋಗುವ ಹೊರಬರುವ ಅಂತರ ಸೇರಿ ಸಾಲಿನ ಉದ್ದ ೨೫೦. ಅಂದರೆ ಕಡಿಯುವ ದಾರಿ ೨೫ ಮೀಟರು. ನಿಮಿಷಕ್ಕೆ ಒಂದು ಮೀಟರು ಫೀಡಾದರೆ ಅದಕ್ಕೆ ೨೫ ನಿಮಿಷ.

ಈ ಪ್ರೋಗ್ರಾಂ ಒಮ್ಮುಖದ್ದು. ಪ್ರತಿ ಸಾಲು ಮುಗಿದೊಡನೆ ಕಟ್ಟರ್ ಮೇಲೆದ್ದು, ಗಾಳಿಯಲ್ಲಿ ಮರಳಿ ಬಂದು, ಮತ್ತೆ ಜಾಬಿನ ಹೊರಮಗ್ಗುಲಲ್ಲಿ ಇಳಿದು ಮುಂದಿನ ಸಾಲನ್ನು ಹಿಡಿಯುತ್ತದೆ. ನೋಡಿದವರ ಕಣ್ಣಿಗೆ ಮೊದಲು ಬೀಳುವ ದೋಷವೆಂದರೆ ಆ ಮರಳಿ ಬರುವ ಓಟ: ೨೫ ಮೀಟರು ಕಡಿತಕ್ಕೆ ೨೫ ಮೀಟರು ಬರಿಗೈ! ಆದರೆ ಓಟದ ವೇಗ ನಿಮಿಷಕ್ಕೆ ೨೦ ಮೀಟರು ಇದ್ದರೆ ಅದಕ್ಕೆ ಹಿಡಿಯುವದು ಒಂದೂಕಾಲು ನಿಮಿಷ. ಏರಿಳಿತವನ್ನೂ, ವೇಗ ಹಿಡಿಯುವ ಬಿಡುವ ಹೊತ್ತನ್ನೂ ಧಾರಾಳವಾಗಿ ಸೇರಿಸಿ ೩ ನಿಮಿಷವೆಂದರೂ ಅದು ದೊಡ್ಡ ಕಳ್ಳನಲ್ಲ.

ದೊಡ್ಡ ಕಳ್ಳನು ಇಳಿಯುವಲ್ಲಿ ಅಡಗಿರುತ್ತಾನೆ. ಪ್ರೋಗ್ರಾಂ ಬರೆದವನು ಅಪಘಾತದ ಭಯದಿಂದ, ಗಟ್ಟಿಯ ಮೇಲ್ಮೈಗಿಂತ ೧೦ ಮಿಲಿಮೀಟರು ಮೇಲಿನಿಂದಲೇ ಕಟ್ಟರ್ ಮೆಲ್ಲನೆ ಇಳಿಯಲಿ ಎಂದು ನಿಮಿಷಕ್ಕೆ ೨೦೦ ಮಿಲಿಮೀಟರಿನ ವೇಗವನ್ನು ಬರೆದಿರುತ್ತಾನೆ. ಮೊದಲ ಪದರಿಗೆ ಆ ಇಳಿತ ೧೨ ಮಿಲಿಮೀಟರು. ಕೊನೆಯ ಪದರಿಗೆ ೩೦. ಸರಾಸರಿ ೨೧. ನೂರು ಸಾಲಿಗೆ ನೂರು ಇಳಿತ, ೨,೧೦೦ ಮಿಲಿಮೀಟರು, ೨೦೦ರ ವೇಗದಲ್ಲಿ ಹತ್ತೂವರೆ ನಿಮಿಷ! ಕಟ್ಟರ್ ಇಳಿಯುತ್ತಿರುವದು ಜಾಬಿನ ಹೊರಗೆ. ಅಲ್ಲಿ ಕಡಿಯುವದಕ್ಕೆ ಒಂದು ಎಳ್ಳಿನಷ್ಟೂ ಲೋಹವಿಲ್ಲ. ಎರಡೂವರೆ ಸಾವಿರ ಸುತ್ತಿನ ಗರ್ವದಿಂದ ತಿರುಗುತ್ತ ಅದು ಗಾಳಿಯನ್ನು ಮೆಲ್ಲಮೆಲ್ಲನೆ ಕಡಿಯುತ್ತಿರುತ್ತದೆ. ಪ್ರೋಗ್ರಾಮಿನಲ್ಲಿ ಇದು ಜಿ-ಒಂದು. ಆದ ಕಾರಣ ಕಾಗದದ ಮೇಲೆ ಇದು ಕಡಿಯುವ ಹೊತ್ತೆಂದೇ ಜಮೆಯಾಗುತ್ತದೆ.

ಹೊತ್ತು ಒಟ್ಟು ಮೂವತ್ತೆಂಟೂವರೆ ನಿಮಿಷ. ಆ ಇಳಿತವನ್ನು ಓಟದ ವೇಗಕ್ಕೆ ತಂದರೆ ಉಳಿಯುವದು ಸುಮಾರು ೨೮. ಜಾಬನ್ನು ಬಿಗಿಯುವ ಬಿಚ್ಚುವ ಹೊತ್ತು ೫ ನಿಮಿಷ ಹಿಡಿದರೆ, ಎಂಟು ಗಂಟೆಯ ಪಾಳಿಯಲ್ಲಿ ಮೊದಲ ರೀತಿಯಿಂದ ೧೧ ಜಾಬು, ಎರಡನೆಯ ರೀತಿಯಿಂದ ೧೪. ಹೊಸ ಯಂತ್ರವನ್ನು ಕೊಳ್ಳಲಿಲ್ಲ, ಬೆಲೆಬಾಳುವ ಕಟ್ಟರನ್ನು ತರಲಿಲ್ಲ, ಕೆಲಸಗಾರನನ್ನು ಬೈಯಲಿಲ್ಲ. ಒಂದು ಅಂಕೆ ಬದಲಾಯಿತು ಅಷ್ಟೆ. ಜಾಬಿಗಿಷ್ಟೆಂದು ದರ ಗೊತ್ತುಮಾಡಿಕೊಂಡು, ಸಾಲ ಮಾಡಿ ಒಂದೆರಡು ಯಂತ್ರ ಹಾಕಿಕೊಂಡಿರುವ ಸಣ್ಣ ಶೆಡ್ಡಿನ ಯಜಮಾನನಿಗೆ ಪಾಳಿಗೆ ೩ ಜಾಬು ಎಂದರೆ ಬ್ಯಾಂಕಿನ ಕಂತು ಕಟ್ಟುವದಕ್ಕೂ ತಪ್ಪಿಸುವದಕ್ಕೂ ಇರುವ ಅಂತರ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಸತಿ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದ ಕಥೆ ಸಭಿಕರಿಗೆ ಗೊತ್ತಿದ್ದದ್ದೇ. ಹತ್ತು ಮಿಲಿಮೀಟರಿನ ಆ ಎಚ್ಚರಿಕೆಯು ಆಸೆಯಿಂದ ತಂದ ಅಕ್ಕಿಯಲ್ಲ, ಭಯದಿಂದ ತಂದ ಅಕ್ಕಿ. ಆದರೂ ಹೆಚ್ಚಿನದೇ. ಒಂದು ಮಿಲಿಮೀಟರು ಸಾಕಿದ್ದಲ್ಲಿ ಹತ್ತು ಏಕೆ ಎಂದು ಕೇಳುವ ಲಕ್ಕಮ್ಮ ಪ್ರತಿ ಯಂತ್ರಶಾಲೆಯಲ್ಲಿಯೂ ಒಬ್ಬಳು ಬೇಕು.

ಭಯಕ್ಕೂ ಕಾರಣವುಂಟು. ಬೆಳಗಾವಿಯ ಎರಕದ ಕಾರಖಾನೆಗಳಿಂದ ಬರುವ ಎರಕದ ತುಂಡುಗಳು, ಹುಬ್ಬಳ್ಳಿಯಲ್ಲಿ ತಯಾರಾಗುವ ವಾಲ್ವುಗಳ ಒಡಲುಗಳು, ಇವು ಗರಗಸದಿಂದ ಕೊಯ್ದ ಗಟ್ಟಿಗಳಂತೆ ಒಂದೇ ಅಳತೆಯಲ್ಲಿರುವದಿಲ್ಲ. ಒಂದು ತುಂಡಿನ ಮೈ ಎರಡು ಮಿಲಿಮೀಟರು ಉಬ್ಬಿರುತ್ತದೆ, ಇನ್ನೊಂದರದು ತಗ್ಗಿರುತ್ತದೆ. ಪ್ರೋಗ್ರಾಂ ಬರೆಯುವವನು ಎಲ್ಲಕ್ಕಿಂತ ಉಬ್ಬಿದ ತುಂಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾನೆ. ಉಳಿದ ತುಂಡುಗಳ ಮೇಲೆಲ್ಲ ಮೊದಲ ಪದರು ಬರೇ ಗಾಳಿ. ಇದಕ್ಕಿಂತ ಕೆಟ್ಟದ್ದೆಂದರೆ ಎರಕದಲ್ಲಿ ಆಗಲೇ ಇರುವ ಪೊಳ್ಳನ್ನು ಲೆಕ್ಕಕ್ಕೆ ಹಿಡಿಯದೆ, ಪೂರ್ತಿ ಚೌಕ ಗಟ್ಟಿಯೆಂದೇ ಭಾವಿಸಿ ಗಣಕಯಂತ್ರಕ್ಕೆ ಹೇಳುವದು. ಆಗ ಕಟ್ಟರ್ ಇಲ್ಲದ ಲೋಹವನ್ನು ಶ್ರದ್ಧೆಯಿಂದ ಕಡಿಯುತ್ತದೆ. ದೊಡ್ಡ ಕಟ್ಟರಿನಿಂದ ತೆಗೆದು ಮುಗಿದ ಮೇಲೆ ಮೂಲೆಗಳಲ್ಲಿ ಉಳಿದ ಲೋಹಕ್ಕಾಗಿ ಸಣ್ಣ ಕಟ್ಟರ್ ಹಾಕುವಲ್ಲಿಯೂ ಇದೇ ಪ್ರಮಾದ: ಉಳಿಕೆ ಎಲ್ಲಿದೆಯೆಂದು ತಿಳಿಸದಿದ್ದರೆ ಸಣ್ಣದು ದೊಡ್ಡದರ ದಾರಿಯನ್ನೆಲ್ಲ ಮತ್ತೆ ಸುತ್ತಿ ಬರುತ್ತದೆ. ಇರುವದನ್ನು ಇರುವಂತೆ ತಿಳಿಯದೆ ಇದ್ದದ್ದೇ ಮೂಲ. ವ್ಯರ್ಥಚಲನೆ ಅದರ ಫಲ. ತುಂಡುಗಳನ್ನು ಉಬ್ಬು ತಗ್ಗು ನೋಡಿ ಎರಡು ರಾಶಿ ಮಾಡಿ, ರಾಶಿಗೊಂದು ಪ್ರಾರಂಭದ ಎತ್ತರ ಕೊಡುವದು ಖರ್ಚಿಲ್ಲದ ಉಪಾಯ. ಮುಟ್ಟಿ ಅಳೆಯುವ ಕಡ್ಡಿ, ಅಂದರೆ ಪ್ರೋಬು, ಇರುವ ಯಂತ್ರಗಳಲ್ಲಿ ಯಂತ್ರವೇ ಅಳೆದುಕೊಳ್ಳುವದು.

ಈವರೆಗೆ ಹೇಳಿದ್ದು ಲಾಘವ. ಆದರೆ ಶಾಸ್ತ್ರದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅದನ್ನು ಬಿಟ್ಟರೆ ಲಾಘವವೇ ಅನರ್ಥಕ್ಕೆ ಕಾರಣವಾಗುವದು. ಫಲಕ್ಕೆ ಅಭಿಮುಖವಾದ ಗೌರವವು ದೋಷವಲ್ಲವೆಂದು ತಾರ್ಕಿಕರು ಒಪ್ಪುತ್ತಾರೆ. ಭಾರ ಹೆಚ್ಚಾಗಿ ಕಂಡರೂ ಆ ಭಾರದಿಂದಲೇ ಕಾರ್ಯಸಿದ್ಧಿಯಾಗುವದಿದ್ದರೆ ಅದನ್ನು ಹೊರಲೇಬೇಕು. ಒಮ್ಮುಖದ ಸಾಲಿನಲ್ಲಿ ಮರಳಿ ಬರುವ ಓಟವು ಅಂಥದೇ. ದಾಸೋಹಿಯು ಎದುರು ಸಾಲನ್ನು ಬಡಿಸುತ್ತ ಮರಳಿದಂತೆ ಕಟ್ಟರ್ ಸಹ ಹೋಗುವಾಗಲೂ ಬರುವಾಗಲೂ ಕಡಿಯಬಾರದೇಕೆ ಎಂದು ಹುಡುಗರು ಕೇಳುತ್ತಾರೆ.

ಇದರ ಉತ್ತರವನ್ನು ಈ ಸೀಮೆಯ ರೈತನು ಯಂತ್ರಶಾಲೆಗೆ ಹೋಗದೆಯೂ ಹೇಳಬಲ್ಲನು. ಹಿಂದಿನ ಮರದ ರಂಟೆಯು ಮಣ್ಣನ್ನು ಎರಡೂ ಮಗ್ಗುಲಿಗೆ ಸೀಳುತ್ತಿತ್ತು; ಬದುವಿನ ಹತ್ತಿರ ಎತ್ತು ತಿರುಗಿಸಿ ಪಕ್ಕದ ಸಾಲಿನಲ್ಲಿಯೇ ಮರಳಬಹುದಾಗಿತ್ತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ನಡೆಸಿ, ಮುಂದೆ ಕಬ್ಬಿಣದ ನೇಗಿಲುಗಳನ್ನು ಮಾಡಿ ಮಾರಿದರು. ರೆಕ್ಕೆಯುಳ್ಳ ಕಬ್ಬಿಣದ ನೇಗಿಲು ಮಣ್ಣನ್ನು ಮಗುಚಿ ಒಂದೇ ಮಗ್ಗುಲಿಗೆ ಚೆಲ್ಲುವದು. ಹಾಗೆಯೇ ಪಕ್ಕದಲ್ಲಿ ಮರಳಿದರೆ ಒಂದು ಸಾಲಿನ ಮಣ್ಣು ಈಚೆಗೆ, ಇನ್ನೊಂದರದು ಆಚೆಗೆ ಬಿದ್ದು ಹೊಲ ಕೆಡುವದು. ಆದ್ದರಿಂದ ಹೊಲವನ್ನು ಪಟ್ಟಿಗಳಾಗಿ ಮಾಡಿ ಸುತ್ತಿ ಹೊಡೆಯುವರು. ಸುತ್ತುವಾಗ ಹೊಲದ ತಲೆಯಲ್ಲಿ ಎತ್ತು ಬರಿದೆ ನಡೆಯುವದು ನಿಜ. ಆ ಬರಿ ನಡಿಗೆಯನ್ನು ಯಾವ ಒಕ್ಕಲಿಗನೂ ವ್ಯರ್ಥವೆನ್ನುವದಿಲ್ಲ.

ಕಟ್ಟರ್ ಸಹ ಒಂದೇ ದಿಕ್ಕಿಗೆ ತಿರುಗುವ ಉಪಕರಣ. ಒಂದು ಕಡೆಗೆ ನಡೆದರೆ ಅದರ ಹಲ್ಲು ದಪ್ಪ ಚಕ್ಕೆಯಿಂದ ಆರಂಭಿಸಿ ತೆಳ್ಳಗೆ ಮುಗಿಸುವದು. ಅದೇ ಮಗ್ಗುಲಿಟ್ಟುಕೊಂಡು ಮರಳಿದರೆ ತೆಳ್ಳಗೆ ಆರಂಭಿಸಿ ದಪ್ಪಗೆ ಮುಗಿಸುವದು. ಎರಡನೆಯದರಲ್ಲಿ ಹಲ್ಲು ಲೋಹವನ್ನು ಕಚ್ಚುವ ಮೊದಲು ಕೆಲಹೊತ್ತು ಬರಿದೆ ಉಜ್ಜುತ್ತದೆ, ಕಾಯುತ್ತದೆ, ಬೇಗ ಮೊಂಡಾಗುತ್ತದೆ. ಹಳೆಯ ಯಂತ್ರಗಳ ತಿರುಪಿನಲ್ಲಿ ಸಡಿಲಿದ್ದುದರಿಂದ ಮೊದಲನೆಯ ರೀತಿಯಲ್ಲಿ ಕಟ್ಟರ್ ಹಲಗೆಯನ್ನೇ ತನ್ನ ಕಡೆಗೆ ಎಳೆದುಕೊಂಡುಬಿಡುವ ಅಪಾಯವಿತ್ತು. ಆ ಕಾರಣ ಹಿಂದಿನ ಮಿಸ್ತ್ರಿಗಳು ಎರಡನೆಯದನ್ನೇ ಹಿಡಿದರು. ಗುಂಡುಗಳ ಮೇಲೆ ಉರುಳುವ ಇಂದಿನ ತಿರುಪುಗಳಲ್ಲಿ ಆ ಸಡಿಲು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಉಕ್ಕಿನಲ್ಲಿ ಒಂದೂಕಾಲು ನಿಮಿಷದ ಮರಳೋಟವನ್ನು ಉಳಿಸುವ ಸಲುವಾಗಿ ಕಟ್ಟರಿನ ಆಯುಷ್ಯವನ್ನು ಕಳೆಯುವದು ಲಾಘವವಲ್ಲ. ಅಲ್ಯೂಮಿನಿಯಮ್ಮಿನಂಥ ಮೆದು ಲೋಹದಲ್ಲಿ ಹೋಗುತ್ತ ಬರುತ್ತ ಕಡಿದರೆ ಬಹಳ ಸಲ ಬಾಧೆಯಿಲ್ಲ. ಒಂದೇ ವಿಧಿಯನ್ನು ಎಲ್ಲ ಲೋಹಕ್ಕೂ ಹೇಳುವವರ ಮಾತನ್ನು ಸಂಶಯದಿಂದಲೇ ಕೇಳುವದು ಲೇಸು.

ಈಗ ವಿಷಯದ ಹೃದಯಕ್ಕೆ ಬರಬೇಕು. ಗಾಳಿಯಲ್ಲಿ ನಡೆಯುವದೆಲ್ಲ ವ್ಯರ್ಥವಲ್ಲವೆಂದಾಯಿತು. ಲೋಹದಲ್ಲಿ ನಡೆಯುವದೆಲ್ಲ ಸಾರ್ಥಕವೋ? ಅಲ್ಲ. ಮೇಲಿನ ಲೆಕ್ಕದ ೨೫ ನಿಮಿಷವನ್ನೇ ನೋಡಬೇಕು. ಕಟ್ಟರಿನ ಹಲ್ಲಿನ ಅಂಚು ೨೦ ಮಿಲಿಮೀಟರಿಗಿಂತ ಉದ್ದವಿರುತ್ತದೆ. ಪದರು ೨ ಮಿಲಿಮೀಟರಿನದಾದ್ದರಿಂದ ಕೆಲಸ ಮಾಡುವದು ಅದರ ತುದಿಯ ೨ ಮಿಲಿಮೀಟರು ಮಾತ್ರ. ಆ ತುದಿ ನೂರು ಸಾಲನ್ನು ಹೊತ್ತು ಸವೆದು ಹೋಗುತ್ತದೆ. ಮೇಲಿನ ಅಂಚು ಹೊಸದಾಗಿಯೇ ಉಳಿದು, ತುದಿಯ ಸಂಗಡ ತಾನೂ ಗುಜರಿಗೆ ಬೀಳುತ್ತದೆ. ಹತ್ತು ಜನರ ಮನೆಯಲ್ಲಿ ಒಬ್ಬನೇ ಹೊಲಕ್ಕೆ ಹೋದಂತಾಯಿತು.

ಇದರ ಬದಲು ಕಟ್ಟರನ್ನು ಒಂದೇ ಸಲಕ್ಕೆ ೨೦ ಮಿಲಿಮೀಟರು ಆಳಕ್ಕೆ ಇಳಿಸಿ, ಮಗ್ಗುಲಿಗೆ ೧೦ರ ಬದಲು ೨ ಮಿಲಿಮೀಟರು ಮಾತ್ರ ಸರಿಸುತ್ತ ಹೋದರೆ? ಪದರಿಗೆ ೧೦ ಇದ್ದ ಸಾಲು ೫೦ ಆಗುತ್ತವೆ. ಮೇಲಿನಿಂದ ನೋಡಿದವನು ದಾರಿ ಐದು ಪಟ್ಟು ಬೆಳೆಯಿತೆಂದು ಗಾಬರಿಯಾಗುತ್ತಾನೆ. ಆದರೆ ಹತ್ತು ಪದರು ಹೋಗಿ ಒಂದೇ ಆಯಿತು. ಒಟ್ಟು ದಾರಿ ೨೫ ಮೀಟರಿನಿಂದ ಹನ್ನೆರಡೂವರೆ ಮೀಟರಿಗೆ ಇಳಿಯಿತು. ಇಷ್ಟೇ ಅಲ್ಲ. ಮಗ್ಗುಲಿಗೆ ಅರ್ಧ ವ್ಯಾಸ ಸರಿದಾಗ ಹಲ್ಲು ತನ್ನ ಸುತ್ತಿನ ೯೦ ಅಂಶದಷ್ಟು ಲೋಹದಲ್ಲಿರುತ್ತದೆ. ಹತ್ತರಲ್ಲೊಂದು ಪಾಲು ಸರಿದಾಗ ಸುಮಾರು ೩೭ ಅಂಶ ಮಾತ್ರ. ಉಳಿದ ಸುತ್ತಿನಲ್ಲಿ ಹಲ್ಲು ಆರುತ್ತದೆ. ಚಕ್ಕೆಯೂ ತೆಳ್ಳಗಾಗುತ್ತದೆ: ಹಲ್ಲಿಗೆ ೦.೧ ಮಿಲಿಮೀಟರು ಮುಂದೊತ್ತಿದರೂ ಚಕ್ಕೆಯ ಅತಿ ದಪ್ಪ ೦.೦೬ ಆಗುವದು. ಚಕ್ಕೆಯನ್ನು ಮೊದಲಿನ ದಪ್ಪಕ್ಕೆ ತರಬೇಕಾದರೆ ಫೀಡನ್ನು ಒಂದು ಮೀಟರಿನಿಂದ ಸುಮಾರು ೧.೬೭ ಮೀಟರಿಗೆ ಏರಿಸಬಹುದು. ಹನ್ನೆರಡೂವರೆ ಮೀಟರಿಗೆ ಏಳೂವರೆ ನಿಮಿಷ. ಮರಳೋಟ ಸೇರಿ ೯ ನಿಮಿಷವೆನ್ನಿ. ಇಪ್ಪತ್ತೆಂಟು ನಿಮಿಷದ ಕೆಲಸ ಒಂಬತ್ತಕ್ಕೆ ಬಂದಿತು. ಸವ ಕೂಡ ತುದಿಯೊಂದಕ್ಕೇ ಬೀಳದೆ ಅಂಚಿನ ಉದ್ದಕ್ಕೂ ಹಂಚಿಹೋಯಿತು.

ಗೋಡೆಗಳುಳ್ಳ ಹೊಂಡವನ್ನು ಕಡಿಯುವಲ್ಲಿ ಇನ್ನೊಂದು ತೊಡಕು. ಗೋಡೆಗೆ ಸಮಾನಾಂತರವಾಗಿ ಸುತ್ತುತ್ತ ಬರುವ ಕಟ್ಟರ್ ಒಳಮೂಲೆಗೆ ಬಂದೊಡನೆ ಎರಡು ಕಡೆಯ ಲೋಹವನ್ನು ಒಮ್ಮೆಗೇ ಎದುರಿಸುತ್ತದೆ. ನೇರ ದಾರಿಯಲ್ಲಿ ೯೦ ಅಂಶವಿದ್ದ ಕಚ್ಚು ಮೂಲೆಯಲ್ಲಿ ೧೮೦ರತ್ತ ಏರುತ್ತದೆ. ಶಬ್ದ ಕರ್ಕಶವಾಗುತ್ತದೆ, ಕೆಲವು ಸಲ ಕಟ್ಟರೇ ಮುರಿಯುತ್ತದೆ. ನಾಲ್ಕು ಮೂಲೆಗಳ ಭಯದಿಂದ ಇಡೀ ದಾರಿಯ ವೇಗವನ್ನು ತಗ್ಗಿಸುವದು ಅನೇಕ ಕಡೆಯ ಪದ್ಧತಿ. ಇದು ಎಲ್ಲಕ್ಕಿಂತ ಗುಪ್ತವಾದ ವ್ಯರ್ಥ. ಕಟ್ಟರ್ ಕಡಿಯುತ್ತಿದೆ, ಚಕ್ಕೆ ಬೀಳುತ್ತಿದೆ, ನೋಡಿದವರಿಗೆ ಕೆಲಸ ನಡೆದಿದೆ; ಆದರೆ ಮೂಲೆಯಲ್ಲಿ ತಗಲುವ ಕ್ಷಣದ ಭಾರಕ್ಕೆ ಹೆದರಿ ಉಳಿದ ಹೊತ್ತೆಲ್ಲ ಅರ್ಧ ಬಲದಿಂದ ನಡೆಯುತ್ತಿದೆ. ಈಚಿನ ಗಣಕ ತಂತ್ರಗಳು ಅಡಾಪ್ಟಿವ್ ಎಂಬ ಹೆಸರಿನಿಂದ ಕೊಡುವ ದಾರಿಗಳು ಮೂಲೆಗೆ ನುಗ್ಗುವದಿಲ್ಲ. ಸಣ್ಣ ಸಣ್ಣ ಬಾಗುಗಳಿಂದ ಮೂಲೆಯನ್ನು ಸವರುತ್ತ, ಕಚ್ಚನ್ನು ಆದಷ್ಟು ಒಂದೇ ಸಮನಾಗಿ ಕಾಯುತ್ತವೆ. ಒಂದೊಂದು ಬಾಗಿನ ಅರ್ಧ ಭಾಗ ಗಾಳಿಯಲ್ಲಿಯೇ ಇರುವದು. ಲೆಕ್ಕಿಗನು ಅದನ್ನು ಬರಿಗೈ ನಡಿಗೆಯೆಂದು ಬರೆದುಕೊಳ್ಳಬಹುದು. ಆ ಬರಿಗೈಯಿಂದಲೇ ಉಳಿದ ದಾರಿಗೆ ಪೂರ್ಣ ವೇಗ ದೊರೆಯಿತೆಂಬುದನ್ನು ಅವನು ಬರೆಯುವದಿಲ್ಲ. ಫಲಮುಖವಾದ ಗೌರವಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ತರ್ಕದ ಗ್ರಂಥಗಳಲ್ಲಿ ಸಹ ಸಿಕ್ಕುವದು ಕಷ್ಟ.

ಹಾಗೆಂದು ಇದು ಸಂಜೀವಿನಿಯಲ್ಲ. ಜಾಬನ್ನು ಹಿಡಿದ ವೈಸು ದುರ್ಬಲವಾಗಿದ್ದರೆ ಆಳದ ಕಡಿತದಲ್ಲಿ ಜಾಬು ಎದ್ದು ಬರುವದು. ಅಂಚು ಗಿಡ್ಡಾದ ಕಟ್ಟರಿನಿಂದ ಆಳ ಸಾಧ್ಯವಿಲ್ಲ. ಸಾವಿರಾರು ಚಿಕ್ಕ ಬಾಗುಗಳ ಆಜ್ಞೆಯನ್ನು ಮುಂಚಿತವಾಗಿ ಓದಿಕೊಳ್ಳುವ ಶಕ್ತಿ ಹಳೆಯ ಯಂತ್ರಗಳಿಗೆ ಕಡಿಮೆ. ಅವು ಪ್ರತಿ ಬಾಗಿನಲ್ಲಿ ತಡವರಿಸಿ, ಬರೆದ ವೇಗವನ್ನು ಮುಟ್ಟುವದೇ ಇಲ್ಲ. ಗಣಕದ ಪರದೆಯು ೯ ನಿಮಿಷವೆಂದು ತೋರಿಸಿದ್ದು ಯಂತ್ರದ ಮೇಲೆ ಹದಿನೈದಾದರೆ ಆಶ್ಚರ್ಯವಿಲ್ಲ. ಅಂಥ ಯಂತ್ರಕ್ಕೆ ಹಳೆಯ ನೇರ ಸಾಲುಗಳೇ ಹಿತ. ಇದ್ದ ಎತ್ತಿನ ಬಲ ನೋಡಿ ನೇಗಿಲು ಹೂಡಬೇಕೆಂಬುದು ರೈತರಿಗೆ ಹೇಳಿಕೊಡಬೇಕಾದದ್ದಲ್ಲ.

ಇಲ್ಲಿ ತರುಣರ ಒಂದು ದೂರು ಇದೆ, ಅದು ನ್ಯಾಯವಾದದ್ದು. ಪ್ರೋಗ್ರಾಮನ್ನು ಬರೆಯುವವನು ತಂಪು ಕೋಣೆಯಲ್ಲಿ, ಅನೇಕ ಸಲ ಬೇರೆ ಊರಲ್ಲಿಯೇ ಇರುತ್ತಾನೆ. ಯಂತ್ರದ ಮುಂದೆ ನಿಂತವನಿಗೆ ಹಸಿರು ಗುಂಡಿಯನ್ನು ಒತ್ತುವದಷ್ಟೇ ಕೆಲಸವೆಂದು ಹೇಳಿರುತ್ತಾರೆ. ಹೊತ್ತು ಹೆಚ್ಚಾದರೆ ಮಾತು ಕೇಳುವವನು ಮಾತ್ರ ಈ ಎರಡನೆಯವನು. ಆದರೆ ವ್ಯರ್ಥಚಲನೆಯ ಪ್ರಮಾಣವು ಪರದೆಯಲ್ಲಿಲ್ಲ, ಅವನ ಕಿವಿಯಲ್ಲಿದೆ. ಕಡಿಯುವ ಕಟ್ಟರಿನ ಸದ್ದು ಒಂದು, ಗಾಳಿಯಲ್ಲಿ ತಿರುಗುವದರ ಸದ್ದು ಇನ್ನೊಂದು. ಒಂದು ವಾರ ನಿಂತವನು ಕಣ್ಣು ಮುಚ್ಚಿ ಇವೆರಡನ್ನೂ ಬೇರ್ಪಡಿಸಬಲ್ಲನು. ಒಂದು ಜಾಬು ಮುಗಿಯುವವರೆಗೆ ಮೊಬೈಲಿನ ಗಡಿಯಾರ ಹಿಡಿದು ಆ ಬರಿ ಸದ್ದಿನ ಹೊತ್ತನ್ನೆಲ್ಲ ಕೂಡಿಸಿ, ಎಷ್ಟನೆಯ ಸಾಲಿನಲ್ಲಿ ಎಷ್ಟು ಸೆಕೆಂಡು ಎಂದು ಕಾಗದದ ಮೇಲೆ ಬರೆದು ಪ್ರೋಗ್ರಾಂ ಬರೆದವನ ಮುಂದೆ ಇಡಬೇಕು. ಕಾಗದವನ್ನು ಇಟ್ಟ ಮೇಲೆ ಗುಂಡಿ ಒತ್ತುವವನೆಂಬ ಮಾತು ನಿಲ್ಲುವದು. ಅಮೇರಿಕೆಯ ಫ್ರ್ಯಾಂಕ್ ಗಿಲ್‌ಬ್ರೆತ್ ಎಂಬಾತನು ಇಟ್ಟಿಗೆ ಕಟ್ಟುವ ಗವಂಡಿಯ ಹದಿನೆಂಟು ಚಲನೆಗಳನ್ನು ಐದರಷ್ಟಕ್ಕೆ ಇಳಿಸಿ ಲೋಕದಲ್ಲಿ ಹೆಸರಾದನು. ಅವನು ಮೊದಲು ತಾನೇ ಇಟ್ಟಿಗೆ ಕಟ್ಟುವ ಕೆಲಸದಲ್ಲಿ ಪಳಗಿದವನಾಗಿದ್ದನೆಂಬುದನ್ನು ಯಂತ್ರಶಾಲೆಯ ಯಜಮಾನರು ನೆನಪಿಡಬೇಕು.

ಉಳಿದ ಹೊತ್ತು ಯಾರದು ಎಂಬ ಪ್ರಶ್ನೆಯೂ ಇದೆ. ಪಾಳಿಗೆ ಮೂರು ಜಾಬು ಹೆಚ್ಚಿದ ಮೇಲೆ ಕಾಗದ ಬರೆದುಕೊಟ್ಟವನ ಕೂಲಿ ಹಿಂದಿನಷ್ಟೇ ಉಳಿದು, ಬಿಗಿಯುವ ಬಿಚ್ಚುವ ದಣಿವು ಮಾತ್ರ ಮೂರು ಸಲ ಹೆಚ್ಚು ಬಂದರೆ ಎರಡನೆಯ ಸಲ ಯಾರೂ ಕಾಗದ ಬರೆಯುವದಿಲ್ಲ. ಕಾಯಕವೂ ದಾಸೋಹವೂ ಒಂದೇ ಉಸಿರಿನಲ್ಲಿ ಬಂದ ಮಾತುಗಳು; ಉಳಿಕೆಯಲ್ಲಿ ಹಂಚಿಕೆಯಿರಬೇಕೆಂದು ಯಜಮಾನರಿಗೆ ಈ ಸನ್ನಿಧಿಯಲ್ಲಿ ಹೇಳದಿದ್ದರೆ ಬೇರೆಲ್ಲಿ ಹೇಳುವದು?

ಕೊನೆಗೆ ಒಂದು ಎಚ್ಚರಿಕೆ. ಲಾಘವದ ಉತ್ಸಾಹದಲ್ಲಿ ಒಂದು ಬರಿಗೈ ನಡಿಗೆಯನ್ನು ಮಾತ್ರ ಯಾರೂ ಕತ್ತರಿಸಬಾರದು. ಹೊಸ ಪ್ರೋಗ್ರಾಂ ಬಂದಾಗ, ಅಥವಾ ಹಳೆಯದರಲ್ಲಿ ಇಳಿತದ ಒಂದು ಅಂಕೆಯನ್ನಾದರೂ ಬದಲಿಸಿದಾಗ, ಮೊದಲನೆಯ ಸಲ ಕಟ್ಟರನ್ನು ಜಾಬಿಗಿಂತ ೫೦ ಮಿಲಿಮೀಟರು ಮೇಲಕ್ಕೆ ಎತ್ತಿ ಇಡೀ ದಾರಿಯನ್ನು ಗಾಳಿಯಲ್ಲಿ ನಡೆಸಿ ನೋಡಬೇಕು. ಕೈ ಕೆಂಪು ಗುಂಡಿಯ ಮೇಲೆ ಇರಬೇಕು. ಓಟದ ವೇಗವನ್ನು ಕಾಲು ಭಾಗಕ್ಕೆ ತಗ್ಗಿಸಿರಬೇಕು. ಆ ಹೊತ್ತಿನಲ್ಲಿ ಒಂದು ಚಕ್ಕೆಯೂ ಬೀಳುವದಿಲ್ಲ. ವೈಸಿನ ದವಡೆ ದಾರಿಗೆ ಅಡ್ಡವಿದೆಯೋ, ಇಳಿತವು ನಿಜವಾಗಿಯೂ ಜಾಬಿನ ಹೊರಗಿದೆಯೋ, ಹತ್ತರ ಬದಲು ಒಂದು ಎಂದು ಬರೆದಲ್ಲಿ ಚಿಹ್ನೆ ತಪ್ಪಿ ಕೆಳಗೆ ಒಂದಾಗಿದೆಯೋ ಎಂಬುದು ಆಗಲೇ ತಿಳಿಯುವದು. ಇದಾದ ಮೇಲೆ ಕಟ್ಟರನ್ನು ಅದರ ಸ್ಥಾನಕ್ಕೆ ಇಳಿಸಿ, ಬಾಗಿಲು ಮುಚ್ಚಿ, ಮೊದಲ ಜಾಬನ್ನು ಆರಂಭಿಸಬಹುದು.